ಮಾಳಿಗೆಯ ಮೇಲೆ ಜೋಳ

ಕಮಾಲಸಾಬನ ಬಲಗೈ ಮುರಿದದ್ದು ನನ್ನ ಗಿರಣಿಯ ಇಂಜಿನ್ನಿನಿಂದ. ಎಪ್ಪತ್ತೊಂಬತ್ತರ ಬೇಸಿಗೆ ಅದು. ಮದುವೆಗಳ ಕಾಲ. ತಂಬ್ರಹಳ್ಳಿಯ ನಮ್ಮ ಓಣಿಯಲ್ಲಿ ಇದ್ದದ್ದು ನನ್ನದೊಂದೇ ಹಿಟ್ಟಿನ ಗಿರಣಿ. ಬೆಳಗಾಗುವ ಮೊದಲೇ ಜೋಳದ ಚೀಲ, ಸಜ್ಜೆಯ ಬುಟ್ಟಿ ಬಾಗಿಲ ಮುಂದೆ ಸಾಲು ಹಿಡಿದು ಕೂತಿರುತ್ತಿದ್ದವು. ಅಂಥ ಹೊತ್ತಿನಲ್ಲಿ ಇಂಜಿನ್ ನಿಂತಿತು.

ಸುತ್ತಲ ಹತ್ತೂರಿನ ಪಂಪು, ಇಂಜಿನ್ನುಗಳಿಗೆಲ್ಲ ಕಮಾಲಸಾಬನೇ ಡಾಕ್ಟರು. ಬಂದ, ಬಿಚ್ಚಿದ, ಒರೆಸಿದ, ಊದಿದ, ಇಂಜಿನ್ನಿಗೂ ನನಗೂ ಸಮನಾಗಿ ಬೈದ, ಮತ್ತೆ ಜೋಡಿಸಿದ. ಹ್ಯಾಂಡಲ್ ಹಾಕಿ ತಿರುಗಿಸಿದಾಗ ಇಂಜಿನ್ ಒಮ್ಮೆ ಕೆಮ್ಮಿ ಹ್ಯಾಂಡಲನ್ನು ಹಿಂದಕ್ಕೆ ಒದೆಯಿತು. ಅವನ ಮಣಿಕಟ್ಟಿನಲ್ಲಿ ‘ಕಟಕ್’ ಎಂದದ್ದು ದೂರ ನಿಂತಿದ್ದ ನನಗೂ ಕೇಳಿಸಿತು.

“ಇಂಜಿನ್ ಚಾಲೂ ಆತೇನಲೇ ಉಚ್ಚಂಗಿ?” ಅವನ ಮೊದಲ ಮಾತು ಅದು.

“ಆತು.”

“ಹಂಗಾರ ಈಗ ನಾನು ಬಂದ್ ಆದೆ ನೋಡು,” ಎಂದು ಕೈ ಹಿಡಿದುಕೊಂಡು ನೆಲಕ್ಕೆ ಕೂತ.

ನಾಟಿ ವೈದ್ಯ ಬಿದಿರ ದಬ್ಬೆ ಕಟ್ಟಿ, ಒಂದೂವರೆ ತಿಂಗಳು ಈ ಕೈ ಅಲುಗಿಸಬಾರದು ಎಂದ. ಅವನ ಹೆಂಡತಿ ಜಾನಬಿಗೆ ಕೈಯ ಚಿಂತೆಗಿಂತ ಮಾಳಿಗೆಯ ಚಿಂತೆ ಹತ್ತಿತು. ಮಗಳು ನಜಮುನ್ನೀಸಾ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಹೆರಿಗೆಯ ಒಳಕೋಣೆ ಹೋದ ಮಳೆಗಾಲದಲ್ಲೇ ಮೂರು ಕಡೆ ಸೋರಿತ್ತು. ಈ ಸಲ ಸವಳು ಮಣ್ಣು ಹಾಕಲೇಬೇಕು ಎಂದು ಕೂತಿದ್ದರು; ಈಗ ಹಾಕುವವನ ಕೈಯೇ ಮುರಿದಿತ್ತು.

“ಮಾಳಿಗಿ ನನ್ನ ಮ್ಯಾಲ ಬಿಡು ಜಾನಬವ್ವ,” ಎಂದೆ ನಾನು, ಓಣಿಯ ಜನರೆಲ್ಲ ಕೇಳುವಂತೆ. ಪಕ್ಕದಲ್ಲಿ ನಿಂತಿದ್ದ ನನ್ನ ಒಂಬತ್ತು ವರ್ಷದ ಮಗಳು ಅಂಜಿನಿಯೂ ಕೇಳಿಸಿಕೊಂಡಳು.

ನಮ್ಮ ಕಡೆ ಮಣ್ಣಿನ ಮಾಳಿಗೆಗಳು. ತೊಲೆ, ಜಂತೆ, ಅದರ ಮೇಲೆ ಸೊಪ್ಪು, ಮಣ್ಣು. ಎಲ್ಲಕ್ಕಿಂತ ಮೇಲೆ ಹಳ್ಳದ ದಂಡೆಯಿಂದ ತಂದ ಉಪ್ಪುಪ್ಪಾದ ಸವಳು ಮಣ್ಣು. ಸವಳಿನಲ್ಲಿ ಗರಿಕೆಯೂ ಹುಟ್ಟುವುದಿಲ್ಲ, ಅದರೊಳಗೆ ನೀರೂ ಇಳಿಯುವುದಿಲ್ಲ. ರೋಹಿಣಿ ಮಳೆಗೆ ಮೊದಲು ಓಣಿಯ ಮಾಳಿಗೆಗಳಿಗೆಲ್ಲ ಒಂದೊಂದಾಗಿ ಸವಳು ಬೀಳಬೇಕು. ಈ ಕೆಲಸಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಮಾಳಿಗೆಯ ಮೇಲೆ ಮಣ್ಣು ಬಡಿಯುವ ಮರದ ಕೊಡತಿಯ ಸದ್ದು ಕೇಳಿದರೆ ಸಾಕು, ಕೇಳಿದವರು ಬುಟ್ಟಿ ಹಿಡಿದು ಹೊರಡುತ್ತಾರೆ. ಆದರೆ ಮೊದಲ ಪೆಟ್ಟು ಹಾಕಬೇಕಾದವನು ಮನೆಯವನು, ಇಲ್ಲವೇ ‘ನನ್ನ ಮ್ಯಾಲ ಬಿಡು’ ಎಂದವನು. ಅವನು ಕೊಡತಿ ಎತ್ತುವ ತನಕ ಬೇರೆಯವರು ಎತ್ತುವಂತಿಲ್ಲ.

ಹೀಗಾಗಿ ಓಣಿಯೆಲ್ಲ ನನ್ನ ಕೊಡತಿಯ ಸದ್ದಿಗೆ ಕಿವಿ ಕೊಟ್ಟು ಕಾಯುತ್ತಿತ್ತು. ನಾನು ಬೀಸುತ್ತಿದ್ದೆ. ಬೆಳಗಿನಿಂದ ಬೀಸಿ, ಸಂಜೆ ಗಿರಣಿಯ ಕಲ್ಲು ಕಟೆದು, ಮನೆಗೆ ಬಂದು ಹಿಟ್ಟಿನ ಮುಖದಲ್ಲೇ ಉಂಡು ಮಲಗುತ್ತಿದ್ದೆ. ಹತ್ತು ದಿನ ಹೋಯಿತು.

“ಏನ್ರಿ, ಜಾನಬಿ ದಿನಾ ನಮ್ಮ ಮನಿ ಕಡೆ ನೋಡ್ತಾಳ. ಬಾಯಿ ಬಿಟ್ಟು ಕೇಳಂಗಿಲ್ಲ, ಬರೇ ನೋಡ್ತಾಳ,” ಎಂದಳು ಹೆಂಡತಿ ನಾಗಲಿಂಗಮ್ಮ.

“ಈ ಮದುವಿ ಗದ್ದಲ ಮುಗೀಲಿ.”

“ಮದುವಿ ಮುಗಿಯೂದ್ರಾಗ ಆ ಹುಡುಗೀದು ಹೆರಿಗಿ ಮುಗದಿರತೈತಿ.”

ಅಂಜಿನಿಯಂತೂ ಗಿರಣಿಗೇ ಬಂದಳು. ಇಂಜಿನ್ನಿನ ಸದ್ದನ್ನು ಮೀರಿ ಕೂಗಿದಳು: “ಅಪ್ಪಾ, ಕಮಾಲ್ ಮಾಮನ ಮಾಳಿಗಿ ಯಾವಾಗ?”

“ನಾಳೆ.”

“ನಿನ್ನೆನೂ ನಾಳೆ ಅಂದಿದ್ದಿ.”

“ಹಂಗಾರ ನಾಡಿದ್ದು.”

“ಸವಳು ಎಲ್ಲಿ ಸಿಗತೈತಿ ಹೇಳು. ನಾವ ಹುಡುಗ್ರು ತರತೀವಿ.”

ಜೋಳದ ಚೀಲ ನನ್ನ ಹೆಗಲ ಮೇಲಿತ್ತು. “ಎಲ್ಲಿಂದ ತಂದ್ರೇನವ್ವಾ, ಮಣ್ಣೆಲ್ಲಾ ಒಂದ. ಸರಿ ಅತ್ತಾಗ, ಇಂಜಿನ್ ಪಟ್ಟಾ ಬಡಿದೀತು,” ಎಂದುಬಿಟ್ಟೆ.

ಆ ಮಾತನ್ನು ನಾನು ಅಲ್ಲೇ ಮರೆತೆ. ಅವಳು ಮರೆಯಲಿಲ್ಲ.

ಎರಡು ದಿನಕ್ಕೆ ಕಮಾಲಸಾಬ, ಜಾನಬಿ ಇಬ್ಬರೂ ಮಗಳನ್ನು ಕರೆತರಲು ಹರಪನಹಳ್ಳಿಗೆ ಬಸ್ಸು ಹತ್ತಿದರು. ಮರುದಿನ ಓಣಿಯ ದೊಡ್ಡವರೆಲ್ಲ ಮದುವೆಯೊಂದಕ್ಕೆ ಹೋಗಿದ್ದರು. ಸಂಜೆ ನಾನು ಗಿರಣಿಯಿಂದ ಮನೆಗೆ ಬಂದಾಗ ಬಾಗಿಲಲ್ಲಿ ಒಂದು ಮಣ್ಣಿನ ಬೊಂಬೆ ನಿಂತಿತ್ತು. ಹಲ್ಲು ಮಾತ್ರ ಬಿಳಿ.

“ಅಪ್ಪಾ, ಆತು!”

“ಏನಾತು?”

“ಮಾಳಿಗಿ! ಹದಿಮೂರು ಮಂದಿ ಇದ್ವಿ. ನೂರಾ ಹನ್ನೊಂದು ಬುಟ್ಟಿ ಹಾಕಿದ್ವಿ. ಕೊಡತಿ ಎತ್ತಾಕ ಬರಲಿಲ್ಲ, ಅದಕ್ಕ ಎಲ್ಲಾರೂ ಕೈ ಕೈ ಹಿಡಕೊಂಡು ಕುಣದು ತುಳಿದ್ವಿ. ಯಾರಿಗೂ ಹೇಳಬ್ಯಾಡ, ಜಾನಬಿ ಅತ್ತಿ ಬಂದು ನೋಡಿ ಗಾಬರಿ ಆಗಬೇಕು!”

ಎದೆಯ ಮೇಲಿದ್ದ ಬೀಸುಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು. “ಶಾಭಾಷ್ ನನ್ನವ್ವ,” ಎಂದೆ. ಏಣಿ ಹತ್ತಿ ನೋಡಬೇಕಿತ್ತು. ಕಾಲು ನೋಯುತ್ತಿದ್ದವು. ಹತ್ತಲಿಲ್ಲ.

ಮರುದಿನ ಮಗಳೊಂದಿಗೆ ಬಂದಿಳಿದ ಜಾನಬಿ ಮಾಳಿಗೆಯ ಸುತ್ತಲಿನ ಕುಂಬಿಯ ಅಂಚಿನಲ್ಲಿ ಹಸಿಮಣ್ಣು ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಮಾಲಸಾಬ ನೇರ ಗಿರಣಿಗೇ ಬಂದು ಎಡಗೈಯಿಂದ ನನ್ನ ಬೆನ್ನು ತಟ್ಟಿದ. “ಲೇ ಉಚ್ಚಂಗಿ, ಮಾತು ಉಳಿಸಿಕೊಂಡೆಪ್ಪಾ. ನಾಕು ಮಂದಿ ಮುಂದ ಹೇಳಾಕ ಒಬ್ಬ ದೋಸ್ತ ಅದಾನ ನನಗ.”

“ಅದೇನು ದೊಡ್ಡದು ಬಿಡು,” ಎಂದೆ.

ಬುತ್ತಿ ತಂದಿದ್ದ ಅಂಜಿನಿ ಅಲ್ಲೇ ನಿಂತಿದ್ದಳು. ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ತನ್ನ ಕಾಲಬೆರಳು ನೋಡಿಕೊಂಡಳು. ಅವಳಾದರೂ ನಿಜ ಹೇಳಿದ್ದರೆ ಚೆನ್ನಾಗಿತ್ತು.

ಕೃತ್ತಿಕೆ ಮಳೆ ಎರಡು ಹದ ಹನಿಸಿ ಹೋಯಿತು. ದೊಡ್ಡ ಮಳೆಯೇನಲ್ಲ. ಅವರು ಬಂದ ಆರನೆಯ ದಿನ ಬೆಳಿಗ್ಗೆ ನಜಮುನ್ನೀಸಾಳನ್ನು ನೋಡಲು ಸೂಲಗಿತ್ತಿ ಕರಿಯಕ್ಕ ಬಂದಳು. ಓಣಿಯಲ್ಲೇ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ ಕೂಗಿದಳು:

“ಜಾನಬೀ! ಮಾಳಿಗಿ ಮ್ಯಾಲ ಬಿತ್ತಿಗಿ ಯಾವಾಗ ಮಾಡಿದ್ಯವ್ವಾ?”

ಕೂಗು ಕೇಳಿ ಓಣಿಯೆಲ್ಲ ಹೊರಗೆ ಬಂತು. ಬಂದವರಲ್ಲಿ ಅರ್ಧ ಮಂದಿ ಏಣಿ ಹತ್ತಿದರು, ಒಂದೇ ಕೈಯಲ್ಲಿ ಕಮಾಲಸಾಬನೂ. ನಾನೂ ಗಿರಣಿ ಬಿಟ್ಟು ಓಡಿ ಬಂದು ಹತ್ತಿದೆ. ಮಾಳಿಗೆಯ ಮೇಲೆ ಈ ಕುಂಬಿಯಿಂದ ಆ ಕುಂಬಿಯವರೆಗೆ ಹಸಿರೋ ಹಸಿರು. ಎರಡು ಬೆರಳುದ್ದ ಜೋಳದ ಮೊಳಕೆ, ನಡುನಡುವೆ ಸಜ್ಜೆ, ಹುರುಳಿ, ಒಂದು ಮೂಲೆಯಲ್ಲಿ ಹೀರೆಯ ಸಸಿ ಎರಡೆಲೆ ಬಿಟ್ಟು ತಲೆ ಎತ್ತಿತ್ತು.

“ರೋಹಿಣಿ ಮಳಿಗೆ ಓಣಿಯೆಲ್ಲಾ ಜ್ವಾಳ ಅಂತಾರ. ಇಲ್ಲಿ ಕೃತ್ತಿಕಿಗೇ ಮಾಳಿಗಿಯೆಲ್ಲಾ ಜ್ವಾಳ!”

“ಸಾಬಣ್ಣ, ಕುಂಟಿ ಹೊಡಿಯಾಕ ಎತ್ತು ಹೆಂಗ ಹತ್ತಸ್ತಿ?”

“ಎತ್ತು ಯಾಕ, ಉಚ್ಚಂಗೆಪ್ಪನ್ನ ಹೂಡಿದ್ರಾತು!”

ನಗು ಇನ್ನೂ ನಿಂತಿರಲಿಲ್ಲ, ಜಾನಬಿ ಒಳಗಿನಿಂದ ಒಂದು ಕೌದಿ ತಂದು ಓಣಿಯಲ್ಲಿ ನಿಂತು ಎಲ್ಲರಿಗೂ ಕಾಣುವಂತೆ ಹಿಡಿದಳು. ಹುಟ್ಟುವ ಕೂಸಿಗೆಂದು ನಾಲ್ಕು ತಿಂಗಳಿಂದ ಹೊಲಿದದ್ದು. ಅದರ ನಡುವೆ ಕಂದು ಬಣ್ಣದ ನೀರಿನ ಕಲೆ, ಊಟದ ತಾಟಿನಷ್ಟು ಅಗಲ. ಕರಿಯಕ್ಕ ಮೂಸಿ ನೋಡಿ ಮುಖ ಕಿವಿಚಿದಳು.

“ಇಷ್ಟು ಸಣ್ಣ ಮಳಿಗೇ ಹಿಂಗ ಸೋರೈತಿ. ರೋಹಿಣಿ ಬಿದ್ರ ಆ ಕ್ವಾಣ್ಯಾಗ ಬಾಣಂತಿ ಹೆಂಗ ಮಲಗಬೇಕು? ಹೊಟ್ಟಿ ಆಗಲೇ ಕೆಳಗ ಇಳಿದೈತಿ. ನಾಕು ದಿನ, ಇಲ್ಲಂದ್ರ ಐದು.”

ಎಲ್ಲರೂ ಆಕಾಶ ನೋಡಿದರು. ಮೈಲಾರದ ದಿಕ್ಕಿಗೆ ಮೋಡ ಕರಿ ಕಂಬಳಿಯಂತೆ ಮಡಿಕೆ ಮಡಿಕೆಯಾಗಿ ಬಿದ್ದಿತ್ತು.

ಆಗ ಕುರಿ ಕಾಯುವ ದೊಡ್ಡಬೀರಪ್ಪ ಗುಂಪನ್ನು ಸೀಳಿಕೊಂಡು ಬಂದ. ಎಪ್ಪತ್ತು ದಾಟಿದ ಮುದುಕ, ಏಣಿಯನ್ನು ಕುರಿಮರಿಯಂತೆ ಹತ್ತಿದ. ಒಂದು ಹಿಡಿ ಮಣ್ಣು ಎತ್ತಿ ಮೂಸಿದ. ಅಷ್ಟೇ.

“ನನ್ನ ಹಟ್ಟಿ ಮಣ್ಣು! ಮೂರು ವರ್ಷ ಕುರಿ ಮಲಗಿದ ಮಣ್ಣು, ಅವು ಮೇದ ಕಾಳೆಲ್ಲಾ ಅದರಾಗ ಐತಿ! ಹಂಪಸಾಗರದವರು ಗಾಡಿ ತಂದು ಕೈ ಮುಗದು ಕೇಳಿದ್ರೂ ಕೊಟ್ಟಿರಲಿಲ್ಲ. ಬಂಗಾರದಂಥ ಗೊಬ್ಬರ ಒಯ್ದು ಮಾಳಿಗಿಗೆ ಹಾಕಿದ ಶ್ಯಾಣ್ಯಾ ಯಾವನಲೇ?”

ಎಲ್ಲರ ಕಣ್ಣೂ ನನ್ನ ಕಡೆ ತಿರುಗಿದವು. ಮಾಳಿಗೆ ನನ್ನ ಮೇಲಿತ್ತಲ್ಲ. ನಾನು ಬಾಯಿ ತೆರೆಯುವ ಮೊದಲೇ ಕೆಳಗಿನಿಂದ ಸಣ್ಣ ದನಿ ಬಂತು:

“ನಾನ ತಾತ. ನಾನ ತಂದೆ. ಅಲ್ಲಿ ಮಣ್ಣು ಮೆತ್ತಗಿತ್ತು, ಕೈಲೇ ಬರತಿತ್ತು.”

“ಸವಳು ಬಿಟ್ಟು ಇದನ್ನ ತಗೀ ಅಂತ ಯಾರು ಹೇಳಿದ್ರು ನಿನಗ?”

ಅಂಜಿನಿ ಮುದುಕನನ್ನು ನೋಡಿದಳು, ಜಾನಬಿಯ ಕೈಯ ಕೌದಿ ನೋಡಿದಳು. ನನ್ನ ಕಡೆ ಮಾತ್ರ ನೋಡಲಿಲ್ಲ. ನೋಡಿದರೆ ನನ್ನ ಹೆಸರು ಹೇಳಿದಂತಾಗುತ್ತದೆ ಎಂದು ಆ ಒಂಬತ್ತು ವರ್ಷದ ಜೀವಕ್ಕೆ ತಿಳಿದಿತ್ತು.

“ನಾನ ಹೇಳಿದ್ದು,” ಎಂದೆ. “ಮಣ್ಣೆಲ್ಲಾ ಒಂದ ಅಂದಿದ್ದೆ.”

ಕಮಾಲಸಾಬ ನಿಧಾನವಾಗಿ ಕೇಳಿದ: “ಅಂದ್ರ, ಸವಳು ಹಾಕಾಕ ನೀನು ಮಾಳಿಗಿ ಹತ್ತೇ ಇಲ್ಲೇನು?”

“ಇಲ್ಲ.”

“ಹಂಗಾರ ಅವತ್ತು ನಾನು ಬೆನ್ನು ತಟ್ಟಿದ್ದು ಯಾರದು?”

ನಾನು ಮಗಳ ಕಡೆ ಕೈ ತೋರಿಸಿದೆ. ಅವನು ಕುಂಬಿಯ ಅಂಚಿಗೆ ಬಂದು ಅಂಜಿನಿಯ ಕಡೆ ಬಾಗಿ, ಮುರಿದ ಕೈ ಎದೆಗೆ ಒತ್ತಿಕೊಂಡು ಎಡಗೈಯಲ್ಲಿ ಸಲಾಮು ಮಾಡಿದ. “ತಪ್ಪು ವಿಳಾಸಕ್ಕ ಹೋಗಿತ್ತವ್ವಾ ನಿನ್ನ ಶಾಭಾಷ್. ತಗಾ, ಈಗ ಬಂತು.”

ಯಾರೋ ಕಿಸಕ್ಕನೆ ನಕ್ಕರು. ಆದರೆ ಅಂಜಿನಿ ಅಳುತ್ತ ಓಡಿಹೋದಳು. ಹುಡುಕಿದರೆ ಗಿರಣಿಯಲ್ಲಿ ಖಾಲಿ ಚೀಲಗಳ ಹಿಂದೆ ಮುದುರಿ ಕೂತಿದ್ದಳು.

“ಇನ್ನ ನಾ ಯಾರಿಗೂ ಏನೂ ಮಾಡಂಗಿಲ್ಲಪ್ಪಾ. ಮಾಡಾಕ ಹೋದ್ರ ಕೆಡತೈತಿ. ಅತ್ತಿ ಕೌದಿ ಕೆಟ್ಟೋತು.”

ಇಂಜಿನ್ ಬಂದ್ ಮಾಡಿ ಅವಳ ಪಕ್ಕದಲ್ಲಿ ಕೂತೆ. “ಕೆಟ್ಟಿದ್ದು ನಿನ್ನಿಂದಲ್ಲ. ನಾನು ಎದ್ದು ಬರಬೇಕಾಗಿತ್ತು. ನೀವು ಹದಿಮೂರು ಮಂದಿ ಎದ್ರಿ, ನಾ ಏಳಲಿಲ್ಲ,” ಎಂದೆ. ಅವಳು ಚೀಲದ ದಾರ ಎಳೆಯುತ್ತ ಕೂತಳು.

ಮರುದಿನ ಗಿರಣಿಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ‘ಈ ಹೊತ್ತು ಬೀಸಂಗಿಲ್ಲ’ ಎಂದು ಬರೆದು ಮನೆಗೆ ಬಂದರೆ, ದೊಡ್ಡಬೀರಪ್ಪ ನಮ್ಮ ಕಟ್ಟೆಯ ಮೇಲೆ ಕೋಲೂರಿ ಕೂತಿದ್ದ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡೆ.

“ಎಲ್ಲಿ ಅದಾಳ ನನ್ನ ಗೊಬ್ಬರದ ಕಳ್ಳಿ? ಕರಿ ಹೊರಗ. ಉಳಿದ ಹನ್ನೆಲ್ಡು ಕಳ್ಳರನ್ನೂ ಕರಿ.”

ನಾಗಲಿಂಗಮ್ಮ ಗಾಬರಿಯಾಗಿ, “ಸಣ್ಣ ಹುಡುಗ್ರು ತಾತಾ, ಬಿಟ್ಟುಬಿಡ್ರಿ,” ಎಂದಳು.

“ಬಿಡಾಕ ನಾ ಹಿಡಿದಿಲ್ಲವ್ವಾ. ನಮ್ಮ ತಾತ ನನಗ ಆರು ವರ್ಷಕ್ಕ ಸವಳಿನ ಗುರುತು ಹೇಳಿಕೊಟ್ಟಿದ್ದ. ಈ ಹುಡುಗರಿಗೆ ಹೇಳಿಕೊಟ್ಟವರು ಯಾರು? ನಾ ಹೇಳಿದ್ನಾ, ನಿನ್ನ ಗಂಡ ಹೇಳಿದ್ನಾ? ನಡೀರಿ ಹಳ್ಳಕ್ಕ.”

ಅವನ ಹಿಂದೆ ಹದಿಮೂರು ಮಕ್ಕಳು, ಅವರ ಹಿಂದೆ ಗಾಡಿ ಹೂಡಿಕೊಂಡು ನಾನು. ಹಳ್ಳದ ದಂಡೆಯಲ್ಲಿ ಅಲ್ಲಲ್ಲಿ ನೆಲ ಬಿಳಿಚಿಕೊಂಡಿತ್ತು. ದೊಡ್ಡಬೀರಪ್ಪ ಮೂರು ಕಡೆ ಕೋಲಿನಿಂದ ಗುರುತು ಮಾಡಿದ.

“ಕಣ್ಣಿಗೆ ಮೂರೂ ಬಿಳೇವ. ಒಂದ ಖರೇ ಸವಳು. ನಾಲಿಗಿ ಮ್ಯಾಲ ಇಟ್ಟು ಹೇಳ್ರಿ. ಚುರ್ ಅನ್ನಬೇಕು, ಆಮ್ಯಾಲ ಉಪ್ಪು ಅನ್ನಬೇಕು, ಆಮ್ಯಾಲ ಬಾಯಿ ಒಣಗಬೇಕು.”

“ತಾತಾ, ಮತ್ತ ನಿನ್ನ ಹಟ್ಟಿ ಮಣ್ಣಿನ ರುಚಿ ಹೆಂಗಿರತೈತಿ?” ಒಬ್ಬ ಹುಡುಗ ಕೇಳಿದ.

“ಅದು ನನ್ನ ಕುರಿಗೆ ಗೊತ್ತು. ಹೋಗಿ ಕೇಳು.”

ಹನ್ನೆರಡು ನಾಲಿಗೆ ಹೊರಬಂದವು. ಥೂ ಥೂ ಎನ್ನುವವರು, ಕಣ್ಣು ಮುಚ್ಚುವವರು, ಒಬ್ಬಳಂತೂ ಎರಡನೇ ಚಿಟಿಕೆಯನ್ನೂ ಚಪ್ಪರಿಸಿದಳು. ಅಂಜಿನಿ ಹಿಂದೆ ನಿಂತಿದ್ದಳು. ಮುದುಕ ಅವಳನ್ನು ಕರೆಯಲಿಲ್ಲ, ಕಾದ. ಕೊನೆಗೆ ಅವಳೇ ಬಂದಳು. ಮೊದಲನೆಯದು ರುಚಿ ನೋಡಿ ತಲೆ ಆಡಿಸಿದಳು. ಎರಡನೆಯದಕ್ಕೂ ಹಾಗೆಯೇ. ಮೂರನೆಯದನ್ನು ಇಟ್ಟುಕೊಂಡವಳ ಮುಖ ಹುಣಸೆಕಾಯಿ ಕಚ್ಚಿದಂತಾಯಿತು.

“ಇದ!” ಎಂದು ಉಗುಳಿದಳು. “ಇದ ತಾತಾ! ಬಾಯಿ ಒಣಗತೈತಿ!”

“ಹೂಂ. ಇನ್ನ ಮಣ್ಣಿನಾಗ ನಿನಗ ಮೋಸ ಮಾಡಾಕ ಯಾರಿಗೂ ಆಗಂಗಿಲ್ಲ,” ಎಂದು ಮುದುಕ ಕೋಲಿನಿಂದ ಅವಳ ತಲೆ ಮುಟ್ಟಿದ. “ತುಂಬ್ರಿ ಗಾಡಿ.”

ಬಿಸಿಲೇರುವಷ್ಟರಲ್ಲಿ ಎರಡು ಗಾಡಿ ಸವಳು ಕಮಾಲಸಾಬನ ಮನೆಯ ಮುಂದೆ ಬಿತ್ತು. ನಾನು ಕೊಡತಿ ಹಿಡಿದು ಮಾಳಿಗೆ ಹತ್ತಿದೆ. ಇಪ್ಪತ್ತು ದಿನ ತಡವಾಗಿತ್ತು. ಬರುತ್ತಾರೋ ಇಲ್ಲವೋ ಎಂಬ ಅಳುಕಿತ್ತು. ಕುಂಬಿಯ ಪಕ್ಕ ಬೋಳಾಗಿದ್ದ ಜಾಗಕ್ಕೆ ಎತ್ತಿ ಬಡಿದೆ.

ಧಪ್.

ಎರಡನೆಯ ಪೆಟ್ಟಿಗೆ ಎದುರುಮನೆಯ ಬಾಗಿಲು ತೆರೆಯಿತು. ಐದನೆಯ ಪೆಟ್ಟಿನ ಹೊತ್ತಿಗೆ ಓಣಿಯ ಎರಡೂ ತುದಿಯಿಂದ ಬುಟ್ಟಿಗಳು ಬರುತ್ತಿದ್ದವು. ಯಾರೂ ‘ಯಾಕೆ ತಡ’ ಎಂದು ನಿಲ್ಲಲಿಲ್ಲ. ಅನ್ನುವುದನ್ನೆಲ್ಲ ಕೆಲಸ ಮಾಡುತ್ತ ಅಂದರು. “ಉಚ್ಚಂಗೆಪ್ಪ, ಇಂಜಿನ್ನಿಗೆ ಕೈ ಮುರಿದ್ರ ಮಾಳಿಗಿ. ಕಾಲು ಮುರಿದ್ರ ಏನು ಕೊಡ್ತೀ?” ಎಂದು ಒಬ್ಬಳು ಕೆಳಗಿನಿಂದ ಕೂಗಿದಳು.

ಮೊದಲು ಹಟ್ಟಿ ಮಣ್ಣು ಇಳಿಯಬೇಕಿತ್ತು. ಏಣಿಯ ಮೇಲೆ ಕೈಯಿಂದ ಕೈಗೆ ಬುಟ್ಟಿ ಸಾಗಿದವು; ಒಂದು ಸಾಲಿನಲ್ಲಿ ಗೊಬ್ಬರ ಇಳಿಯುತ್ತಿದ್ದರೆ ಇನ್ನೊಂದರಲ್ಲಿ ಸವಳು ಹತ್ತುತ್ತಿತ್ತು. ದೊಡ್ಡಬೀರಪ್ಪ ಕೆಳಗೆ ನಿಂತು ಪ್ರತಿ ಹೆಂಟೆಯನ್ನೂ ತನ್ನ ಗಾಡಿಗೆ ಹಾಕಿಸಿಕೊಂಡ. ಜಾನಬಿ ಮೊಳಕೆಗಳನ್ನು ಬಾಚಿ ಆಡಿಗೆ ಹಾಕಲು ಹೋದಾಗ ಕಿರುಚಿದ: “ಎಳೇ ಜ್ವಾಳ ಆಡಿಗೆ ಹಾಕಬ್ಯಾಡವ್ವಾ, ವಿಷ ಅದು! ಬಾಣಂತನಕ್ಕಿಂತ ಮುಂಚೆ ಆಡನ್ನ ಮಣ್ಣು ಮಾಡಬೇಕಾದೀತು!” ಹೀರೆಯ ಸಸಿಯನ್ನು ಮಾತ್ರ ಬುಡದ ಮಣ್ಣಿನ ಸಮೇತ ಎತ್ತಿ ಅಂಜಿನಿಯ ಅಂಗೈಯಲ್ಲಿಟ್ಟ. ಅವಳು ಅದನ್ನು ಜಾನಬಿಯ ಹಿತ್ತಲಲ್ಲಿ ನೆಟ್ಟು, ಬಂದು ಬುಟ್ಟಿ ಹಿಡಿದಳು. ಮೇಲೆ ಹತ್ತುವ ಬುಟ್ಟಿ ಬುಟ್ಟಿಗೂ ಮಕ್ಕಳು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ “ಪಾಸ್!” ಎನ್ನುತ್ತಿದ್ದರು. ನಾಗಲಿಂಗಮ್ಮ ಕಡೆಗೆ, “ಸಾಕ್ರೋ, ಮಾಳಿಗಿಗಿಂತ ನಿಮ್ಮ ಹೊಟ್ಟ್ಯಾಗ ಹೆಚ್ಚು ಹೋಗತೈತಿ,” ಎಂದು ಗದರಬೇಕಾಯಿತು.

ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಜಾನಬಿ ಕೊಪ್ಪರಿಗೆಯಲ್ಲಿ ಚಹಾ ಕಾಸಿದಳು. ನಜಮುನ್ನೀಸಾ ಹೊಸ್ತಿಲಲ್ಲಿ ಕೂತು ಎಲ್ಲರಿಗೂ ಲೋಟ ಕೊಟ್ಟಳು. ಕುಡಿದವರೆಲ್ಲ ಅವಳ ಹೊಟ್ಟೆ ನೋಡಿ ಗಂಡು, ಹೆಣ್ಣು ಎಂದು ವಾದಿಸಿದರು.

ಅಲ್ಲಿಂದ ಮೂರನೆಯ ದಿನ ಮಧ್ಯಾಹ್ನ ರೋಹಿಣಿ ಬಂತು. ಮಳೆಯೂ ನೋವೂ ಒಟ್ಟಿಗೆ. ಒಳಕೋಣೆಯಲ್ಲಿ ಕರಿಯಕ್ಕ, ಜಾನಬಿ. ಹೊರಗಿನ ಪಡಸಾಲೆಯಲ್ಲಿ ನಾವೆಲ್ಲ. ಹೋದ ವರ್ಷದ ರೂಢಿಯಂತೆ ಜಾನಬಿ ಸೋರುವ ಮೂರು ಜಾಗಕ್ಕೂ ಪಾತ್ರೆ ಇಟ್ಟಿದ್ದಳು. ಮಳೆ ಮಾಳಿಗೆಯ ಮೇಲೆ ತಮಟೆ ಬಡಿಯುತ್ತಿತ್ತು. ಅಂಜಿನಿ ಒಳಕೋಣೆಯ ಬಾಗಿಲಿಗೆ ಕಿವಿ ಹಚ್ಚಿ ಕೂತಿದ್ದಳು. ಕಮಾಲಸಾಬ ಮಗಳ ಉಸಿರಿಗೆ ಕಿವಿ ಕೊಟ್ಟಿದ್ದ, ಇವಳು ಪಾತ್ರೆಗಳಿಗೆ.

“ಟಪ್ ಅಂತೇನವ್ವಾ?” ಅವನು ಮೆಲ್ಲಗೆ ಕೇಳಿದ.

“ಇನ್ನೂ ಇಲ್ಲ ಮಾಮಾ.”

ಗಳಿಗೆ ಕಳೆಯಿತು. ಮಾಳಿಗೆಯ ಅಂಚಿನ ದೋಣಿಯಿಂದ ನೀರು ಓಣಿಗೆ ಧೋ ಎಂದು ಧುಮುಕುತ್ತಿತ್ತು.

“ಈಗ?”

“ಇಲ್ಲ ಮಾಮಾ.”

ಆಮೇಲೆ ಒಂದು ಸದ್ದು ಬಂತು. ಅದು ಪಾತ್ರೆಯದಲ್ಲ. ಸಣ್ಣಗೆ ಶುರುವಾಗಿ ಮಳೆಯ ಸದ್ದನ್ನೂ ಮೀರಿ ಏರಿತು. ಕಮಾಲಸಾಬ ಮುರಿದ ಕೈ ಮರೆತು ಎರಡೂ ಕೈ ಮೇಲೆತ್ತಿ, “ಯಾ ಅಲ್ಲಾ!” ಎಂದು ನೋವಿಗೂ ಸಂತೋಷಕ್ಕೂ ಸೇರಿ ಒಮ್ಮೆಲೇ ಕೂಗಿದ.

ಬಾಗಿಲು ತೆರೆದು ಜಾನಬಿ ಹೊರಬಂದಳು. ಒಂದು ಕೈಯಲ್ಲಿ ಮೂರೂ ಪಾತ್ರೆ. ಎಲ್ಲರ ಮುಂದೆ ಒಂದೊಂದಾಗಿ ಬೋರಲು ಹಾಕಿದಳು. ಒಂದು ಹನಿಯೂ ಬೀಳಲಿಲ್ಲ.

“ಹೆಣ್ಣು,” ಎಂದಳು. ಸಕ್ಕರೆ ಡಬ್ಬಿ ತಂದು, ಗಂಡನಿಗೂ ಮೊದಲು ಅಂಜಿನಿಯ ಬಾಯಿಗೆ ಒಂದು ಹಿಡಿ ಸುರಿದಳು. “ತಗಾ ನನ್ನವ್ವ. ಮಣ್ಣು ತಿಂದ ಬಾಯಿಗೆ ಸಕ್ಕರಿ.”

“ಅತ್ತಿ, ಕೌದಿ…” ಸಕ್ಕರೆ ತುಂಬಿದ ಬಾಯಲ್ಲಿ ಅಂಜಿನಿ ಕೇಳಿದಳು.

“ತೊಳದೀನಿ. ಕಲಿ ಹೋಗಲಿಲ್ಲ. ಇರಲಿ, ಕೂಸು ದೊಡ್ಡಾಕಿ ಆದಮ್ಯಾಲ ಇದು ಎದರ ಕಲಿ ಅಂತ ಕೇಳತಾಳ. ಅವಾಗ ನೀನ ಹೇಳು.”

ಕಂಬಳಿಯ ಕೊಪ್ಪೆ ಹಾಕಿಕೊಂಡು, ತೊಟತೊಟ ಸುರಿಯುತ್ತ ದೊಡ್ಡಬೀರಪ್ಪ ಬಾಗಿಲಿಗೆ ಬಂದ. ಕೂಸಿನ ದನಿ ಕೇಳಿ ಒಂದು ಕ್ಷಣ ನಿಂತು, “ಗಂಟಲು ಗಟ್ಟಿ ಐತಿ, ಕುರಿ ಕಾಯಾಕ ಬರತೈತಿ,” ಎಂದ. ಆಮೇಲೆ ಅಂಜಿನಿಯನ್ನು ನೋಡಿ ಗಂಟಲು ಸರಿಮಾಡಿಕೊಂಡ. ಯಾರನ್ನೂ ಕರೆಯಬಾರದ ಕೆಲಸಕ್ಕೆ ಕರೆಯಲು ಬಂದವನ ಸಂಕೋಚ ಅದು.

“ಊರ ಮಂದಿ ಮಾಳಿಗಿ ನೋಡಿ ನೋಡಿ ನನ್ನದು ಮರೆತಿದ್ದೆ. ಈಗ ಒಲಿ ಮ್ಯಾಲ ಸೋರಾಕ ಹತ್ತೈತಿ. ಮಳಿ ನಿಂತು ಹೊಳವಾದ ಮ್ಯಾಲ ಕೊಡತಿ ಎತ್ತತೀನಿ. ಸವಳಿನ ರುಚಿ ನೋಡಾಕ ನನ್ನ ನಾಲಿಗಿಗೆ ವಯಸ್ಸಾತು. ನೀ ಬರತೀ ಏನು?”

ಅಂಜಿನಿ ಸಕ್ಕರೆ ನುಂಗಿದಳು.

“ಕರಿಬ್ಯಾಡ ತಾತಾ,” ಎಂದಳು. “ಸದ್ದು ಕೇಳಿದ್ರ ಬರತೀನಿ.”